ಲಿವರ್ ಕಾಯ್ದ ಔಷಧದ ಕಥೆ

ತಲೆನೋವೆಂದರೆ ಕ್ರೋಸಿನ್, ಜ್ವರವೆಂದರೆ ಡೋಲೋ! ನಮ್ಮೆಲ್ಲರ ಮನೆಯಲ್ಲಿರುವ ಈ ಪ್ಯಾರಸಿಟಮಾಲ್‌ಗೂ ಒಂದು ಇತಿಹಾಸವಿದೆ.

1956ರಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಬಂದ ಈ ಮಾತ್ರೆ, ಆಸ್ಪಿರಿನ್‌ನಂತೆ ಹೊಟ್ಟೆ ಕೆಡಿಸದು ಎಂದು ಹೆಸರಾಯಿತು. ಹತ್ತೇ ವರ್ಷದಲ್ಲಿ, 1966ರಲ್ಲಿ, ಎಡಿನ್‌ಬರೋದ ವೈದ್ಯರಾದ ಡೇವಿಡ್‌ಸನ್ ಮತ್ತು ಈಸ್ಟ್‌ಹ್ಯಾಮ್, ಇದನ್ನು ಮಿತಿಮೀರಿ ನುಂಗಿದವರು ಲಿವರ್ ಹಾಳಾಗಿ ಸತ್ತದ್ದನ್ನು ವರದಿ ಮಾಡಿದರು.

ಕಾರಣ ತಿಳಿದದ್ದು 1973ರಲ್ಲಿ, ಅಮೆರಿಕದಲ್ಲಿ. ಮಾತ್ರೆಯ ಒಂದಂಶ ಲಿವರ್‌ನಲ್ಲಿ ವಿಷವಾಗುತ್ತದೆ. ಅಲ್ಲಿಯೇ ಇರುವ ಗ್ಲುಟಾಥಯೋನ್ ಎಂಬ ಆಂಟಿಆಕ್ಸಿಡೆಂಟ್ ಅದನ್ನು ಹಿಡಿದು ಸಾಗಹಾಕುತ್ತದೆ. ಮಾತ್ರೆ ಅತಿಯಾದರೆ ಈ ದಾಸ್ತಾನೇ ಬರಿದಾಗುತ್ತದೆ.

ಹಾಗಾದರೆ ಆಂಟಿಆಕ್ಸಿಡೆಂಟ್‌ಗಳಾದ ಸಿ, ಇ ವಿಟಮಿನ್ ಕೊಟ್ಟರೆ? ಇಲಿಗಳ ಮೇಲಿನ ಕೆಲವು ಪ್ರಯೋಗಗಳು ಆಸೆ ಹುಟ್ಟಿಸಿದವು. ಆದರೆ ಆಸ್ಪತ್ರೆಯಲ್ಲಿ ಗೆದ್ದದ್ದು, ಗ್ಲುಟಾಥಯೋನ್ ಮತ್ತೆ ತುಂಬಲು ನೆರವಾಗುವ ಅಸಿಟೈಲ್‌ಸಿಸ್ಟೀನ್. ಎಡಿನ್‌ಬರೋದ ಪ್ರೆಸ್ಕಾಟ್ ತಂಡ 1970ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟಿತು. ಇಂದಿಗೂ ಇದೇ ಮುಖ್ಯ ಮದ್ದು.

ನುಂಗಿದ ಎಂಟು ಗಂಟೆಯೊಳಗೆ ಈ ಮದ್ದು ಸಿಕ್ಕರೆ ಲಿವರ್ ಸಾಮಾನ್ಯವಾಗಿ ಉಳಿಯುತ್ತದೆ. ಮೊದಲ ದಿನ ರೋಗಿ ಆರಾಮಾಗಿಯೇ ಕಾಣಬಹುದು, ಮೋಸ ಹೋಗಬೇಡಿ. ವಿಟಮಿನ್ ಮಾತ್ರೆ ಹುಡುಕುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.