ಅಸಾಕುಸಾ

ಜಪಾನಿನ ಟೋಕಿಯೊ ನಗರದಲ್ಲಿ, ಸುಮಿದಾ ನದಿಯ ಪಶ್ಚಿಮ ದಂಡೆಯ ಮೇಲಿರುವ ಹಳೆಯ ಪೇಟೆ. 628ರಲ್ಲಿ ಇಬ್ಬರು ಬೆಸ್ತ ಸೋದರರ ಬಲೆಗೆ ಕನ್ನೊನ್, ಅಂದರೆ ಅವಲೋಕಿತೇಶ್ವರನ ವಿಗ್ರಹ ಸಿಕ್ಕಿತೆಂದೂ ಅದರಿಂದ ಸೆನ್ಸೋಜಿ ಬೌದ್ಧ ದೇವಾಲಯ ಹುಟ್ಟಿತೆಂದೂ ಐತಿಹ್ಯವಿದೆ. ಪೇಟೆ ಬೆಳೆದದ್ದು ಈ ದೇವಾಲಯದ ಆಸರೆಯಲ್ಲೇ. ಎದೊ ಕಾಲದಲ್ಲಿ ಇಲ್ಲಿ ಕಬುಕಿ ರಂಗಮಂದಿರಗಳಿದ್ದವು.

ನೋಡುವವರು ಕಮಿನಾರಿಮೊನ್ ಹೆಬ್ಬಾಗಿಲಿನಿಂದ ಹೊರಡುವುದು ವಾಡಿಕೆ. ಅಲ್ಲಿ ತೂಗುವ ಕೆಂಪು ಲಾಂದ್ರ ಸುಮಾರು 3.9 ಮೀಟರ್ ಎತ್ತರ, 700 ಕಿಲೋ ತೂಕದ್ದು. ಅದರ ಅಡಿಗೆ ನಿಂತು ತಲೆಯೆತ್ತಿದರೆ ತಳದ ಮರದಲ್ಲಿ ಕೆತ್ತಿದ ಡ್ರ್ಯಾಗನ್ ಕಾಣುತ್ತದೆ. ಅವಸರದಲ್ಲಿ ಹಾದುಹೋಗುವವರಿಗೆ ಈ ಸೊಗಸು ತಪ್ಪಿಹೋಗುತ್ತದೆ. ಮೇ ತಿಂಗಳ ಸಾಂಜಾ ಉತ್ಸವದಲ್ಲಿ ಹೊತ್ತು ತರುವ ದೇವರ ಪಲ್ಲಕ್ಕಿಗಳಿಗೆ ದಾರಿಯಾಗಲೆಂದು ಲಾಂದ್ರವನ್ನು ಮೇಲಕ್ಕೆ ಮಡಚುತ್ತಾರೆ. ಒಳಗೆ ಸುಮಾರು 250 ಮೀಟರ್ ಉದ್ದದ ನಕಮಿಸೆ ಅಂಗಡಿಬೀದಿ.

1923ರ ಭೂಕಂಪ ಪೇಟೆಯನ್ನು ಹಾಳುಗೆಡವಿತು. 1945ರ ಮಾರ್ಚ್ 10ರ ಅಮೆರಿಕನ್ ಬಾಂಬ್ ದಾಳಿಯಲ್ಲಿ ಮುಖ್ಯ ಮಂದಿರ ಸುಟ್ಟುಹೋಯಿತು. ಈಗಿನದು 1958ರ ಕಾಂಕ್ರೀಟ್ ಕಟ್ಟಡ. ನಿಜವಾದ ಹಳಮೆ ಬೇಕಾದವರು ಪಕ್ಕದ ನಿತೆನ್‌ಮೊನ್ ಬಾಗಿಲನ್ನೂ (1618) 1649ರ ಅಸಾಕುಸಾ ಶಿಂತೊ ಗುಡಿಯನ್ನೂ ನೋಡಬೇಕು. ಆವರಣದ ಗಿಂಕೊ ಮರವೊಂದು 1945ರ ಬೆಂಕಿಯಲ್ಲಿ ಕರಕಲಾದ ಕಾಂಡದೊಂದಿಗೇ ಇಂದಿಗೂ ಚಿಗುರುತ್ತಿದೆ.

1927ರಲ್ಲಿ ಉಎನೊದಿಂದ ಇಲ್ಲಿಗೆ ತೆರೆದ ಮಾರ್ಗ ಟೋಕಿಯೊದ ಮೊದಲ ಸುರಂಗ ರೈಲುಮಾರ್ಗ. ಈಗ ಅದು ಗಿಂಜಾ ಮಾರ್ಗದ ಭಾಗ.