ಎತ್ತುವುದೂ ನಿಲ್ಲಿಸುವುದೂ

ಹಾನಗಲ್ಲಿನ ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಚಕ್ಕಡಿಮನೆ ಇದೆ. ಚಕ್ಕಡಿ ಹೋಗಿ ಐವತ್ತು ವರ್ಷವಾಗುತ್ತ ಬಂದರೂ ಹೆಸರು ಮಾತ್ರ ಹೋಗಿಲ್ಲ. ಅದರೊಳಗೆ ಈಗ ನಮ್ಮ ತಂದೆಯವರ ಕಾಲದ ಅಂಬಾಸಡರ್ ಕಾರು ನಿಂತಿದೆ. ಆ ಕಾರನ್ನು ಆಳೆತ್ತರಕ್ಕೆ ಎತ್ತಿ ಹಿಡಿಯುವ ನಾಲ್ಕು ಕಂಬಗಳ ಲಿಫ್ಟೊಂದು ಈ ವರ್ಷ ಅದಕ್ಕೆ ಜೊತೆಯಾಗಿದೆ. ನೋಡಲು ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: "ಇದು ಎಷ್ಟು ಟನ್ನು ಎತ್ತತೈತ್ರೀ?"

ಅದಕ್ಕೆ ಉತ್ತರ ಹೇಳುವುದು ಸುಲಭ. ಆದರೆ ಲಿಫ್ಟನ್ನು ಆರಿಸುವ ಮೊದಲು ಆರು ತಿಂಗಳು ಓದಿ, ಅಲೆದು, ತಿಳಿದವರನ್ನು ಕೇಳಿದ ಮೇಲೆ ಆ ಪ್ರಶ್ನೆ ಎರಡನೆಯದೆಂದು ನನಗೆ ತೋರಿತು. ಮೊದಲನೆಯ ಪ್ರಶ್ನೆ ಬೇರೊಂದಿದೆ. ಅದನ್ನು ಹೇಳಬೇಕಾದರೆ ಭಾರ ಎತ್ತುವ ವಿದ್ಯೆಯ ಕಥೆಯನ್ನು ಸ್ವಲ್ಪ ಹಿಂದಿನಿಂದಲೇ ಆರಂಭಿಸಬೇಕಾಗುತ್ತದೆ.

ನನ್ನ ಬಾಲ್ಯದಲ್ಲಿ ಈ ಮನೆಯಲ್ಲಿ ಭಾರ ಎತ್ತುವ ಕೆಲಸವೆಂದರೆ ಚಕ್ಕಡಿಯ ಗಾಲಿಗೆ ಕೀಲೆಣ್ಣೆ ಹಾಕುವುದು. ಗಾಲಿ ಕಳಚಬೇಕಾದರೆ ಅಚ್ಚು ನೆಲಬಿಟ್ಟು ಮೇಲೇಳಬೇಕು. ನಮ್ಮ ದೊಡ್ಡಪ್ಪ ಒಂದು ಕಲ್ಲನ್ನು ಒತ್ತಾಗಿಟ್ಟು, ಅದರ ಮೇಲೆ ಉದ್ದನೆಯ ಮರದ ಸನ್ನೆಗೋಲನ್ನು ಹಾಯಿಸಿ, ತುದಿಗೆ ಇಬ್ಬರು ಆಳುಗಳನ್ನು ಜೋತುಬೀಳಿಸುತ್ತಿದ್ದರು. ಚಕ್ಕಡಿ ಹಗುರಾಗಿ ಏಳುತ್ತಿತ್ತು. ನಾನು ಚಪ್ಪಾಳೆ ತಟ್ಟಿ ಗಾಲಿಯ ಹತ್ತಿರ ಓಡಿದರೆ ಅವರು ಗದರಿಸುತ್ತಿದ್ದರು: "ಏ ತಮ್ಮಾ, ದೂರ ನಿಂದರು! ಇನ್ನೂ ಕೊರಡು ಕೊಟ್ಟಿಲ್ಲ." ಅಚ್ಚಿನ ಕೆಳಗೆ ಜಾಲಿಯ ಕೊರಡು ಸೇರಿ, ಸನ್ನೆಗೋಲನ್ನು ತೆಗೆದು, ಚಕ್ಕಡಿಯನ್ನು ಎರಡು ಸಲ ಜಗ್ಗಿ ನೋಡಿದ ಮೇಲೆಯೇ ಗಾಲಿಗೆ ಕೈ. ಎತ್ತುವುದು ಒಂದು ಗಳಿಗೆಯ ಕೆಲಸ. ಕೊರಡು ಮಾತ್ರ ಇಡೀ ಹೊತ್ತು ಭಾರ ಹೊತ್ತಿರಬೇಕು. ಈ ಭೇದವನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ.

ಚಕ್ಕಡಿಗಿಂತ ನೂರು ಪಾಲು ದೊಡ್ಡ ಭಾರವನ್ನು ಎತ್ತಿದವರ ಕೆಲಸವೂ ನಮ್ಮೂರಲ್ಲಿಯೇ ಇದೆ. ತಾರಕೇಶ್ವರ ದೇವಾಲಯವನ್ನು ಕಂಡ ವಾಚಕರಿಗೆ ಅದರ ಮಂಟಪದ ಭುವನೇಶ್ವರಿಯನ್ನು ನೆನಪಿಸಬೇಕಾಗಿಲ್ಲ. ಕಲ್ಲಿನ ಬಳೆಗಳು ಸುತ್ತು ಸುತ್ತಾಗಿ ಕಿರಿದಾಗುತ್ತ ಮೇಲೇರಿ, ನಡುವೆ ಕಮಲವೊಂದು ತಲೆಕೆಳಗಾಗಿ ತೂಗಿದಂತೆ ಕಾಣುತ್ತದೆ. ಕಲ್ಯಾಣ ಚಾಲುಕ್ಯರ ಕಾಲದ ಈ ಕಟ್ಟಡದ ಹೊತ್ತಿಗೆ ಪಾನುಂಗಲ್ಲು ಕದಂಬರ ಒಂದು ಶಾಖೆಯ ರಾಜಧಾನಿಯಾಗಿತ್ತು. ೧೧೯೬ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಈ ಊರಿಗೆ ಮುತ್ತಿಗೆ ಹಾಕಿದ ಸಂಗತಿಯನ್ನು ಇತಿಹಾಸಕಾರರು ಬರೆದಿಟ್ಟಿದ್ದಾರೆ. ಆ ಕಮಲದ ಕಲ್ಲುಗಳನ್ನು ಹೆಗಲು ಕೊಟ್ಟು ಏರಿಸಿದವರ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಅವರ ಕೈಯಲ್ಲಿದ್ದ ಸಲಕರಣೆಗಳು ಸನ್ನೆಗೋಲು, ಹಗ್ಗ, ಉರುಳುಮರ, ಮಣ್ಣಿನ ಇಳಿಜಾರು, ಎತ್ತು ಮತ್ತು ಮನುಷ್ಯರ ರಟ್ಟೆ ಇಂಥವೇ. ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯೊಳಗೆ ಜನ ಅರವತ್ತು ಕಂಬದ ಗುಡಿ ಎಂದು ಕರೆಯುವ ನಗರೇಶ್ವರ ದೇವಾಲಯವಿದೆ. ಅಲ್ಲಿಯ ಕಂಬಗಳನ್ನು ನೋಡಿದರೆ ಆ ಶಿಲ್ಪಿಗಳಿಗೆ ಭಾರವಾದ ಕಲ್ಲನ್ನು ಎತ್ತುವುದಷ್ಟೇ ಅಲ್ಲ, ಕುಂಬಾರನ ಮಡಕೆಯಂತೆ ತಿರುಗಿಸಿ ಕಡೆಯುವುದೂ ಗೊತ್ತಿತ್ತೆಂಬುದು ತಿಳಿಯುತ್ತದೆ. ಇಷ್ಟೆಲ್ಲ ಮಾಡಿ ಅವರು ಕಲ್ಲಿಗೆ ಕಲ್ಲನ್ನು ಗಾರೆಯಿಂದ ಅಂಟಿಸಲಿಲ್ಲ. ಮೇಲಿನ ಭಾರವೇ ಕೆಳಗಿನದನ್ನು ಒತ್ತಿ ಹಿಡಿಯುವಂತೆ ಜೋಡಿಸಿದರು. ಒಂದು ಕಂಬದ ಕೆಳಗಿನ ನೆಲ ನಾಲ್ಕು ಬೆರಳು ಕುಸಿದಿದ್ದರೂ ಆ ಕಮಲ ಇಷ್ಟು ಶತಮಾನ ತೂಗುತ್ತಿರಲಿಲ್ಲ. ಭಾರ ಎತ್ತುವವನು ಮೇಲೆ ನೋಡುವ ಮೊದಲು ಕೆಳಗೆ ನೋಡಬೇಕೆಂಬುದು ಅವರು ಬಿಟ್ಟುಹೋದ ಪಾಠ.

ಈ ಪಾಠವನ್ನು ಮರೆತರೆ ಏನಾಗುತ್ತದೆಂಬುದನ್ನು ನಾನು ಕಣ್ಣಾರೆ ಕಂಡೆ. ಸುಮಾರು ೧೯೭೫ರ ಒಂದು ಮಳೆಗಾಲ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಶಿಗ್ಗಾವಿಯ ಸಮೀಪ ನಮ್ಮ ಕಾರು ಕೆಟ್ಟು, ರಸ್ತೆಯ ಪಕ್ಕದ ತಗಡಿನ ಶೆಡ್ಡೊಂದರಲ್ಲಿ ರಿಪೇರಿಗೆ ನಿಂತಿದ್ದೆವು. ನಮ್ಮ ಮುಂದೆ ಒಂದು ವ್ಯಾನನ್ನು ಜಾಕಿನ ಮೇಲೆ ಎತ್ತಿದ್ದರು. ಕೆಳಗೆ ಹನ್ನೆರಡು ವರ್ಷದ ಹುಡುಗನೊಬ್ಬ ಮಲಗಿ ನಟ್ಟು ಬಿಚ್ಚುತ್ತಿದ್ದ. ಜಾಕು ಗಟ್ಟಿಯಾಗಿಯೇ ಇತ್ತು. ಅದರ ಕೆಳಗಿನ ನೆಲ ಮಳೆಯಿಂದ ನೆನೆದ ಮಣ್ಣು. ಜಾಕು ಸದ್ದಿಲ್ಲದೆ ಒಂದು ಪಕ್ಕಕ್ಕೆ ವಾಲಿತು, ವ್ಯಾನು ಕುಳಿತುಬಿಟ್ಟಿತು. ಹುಡುಗನ ಜೀವ ಉಳಿಯಿತು, ಎಡಗೈಯ ಮೂರು ಬೆರಳು ಉಳಿಯಲಿಲ್ಲ. ಸುತ್ತ ಸೇರಿದವರೆಲ್ಲ ಜಾಕನ್ನೇ ಬೈದರು. ಅಚ್ಚಿನ ಕೆಳಗೆ ಒಂದು ಕೊರಡು ಇರಲಿಲ್ಲವೆಂದು ಹೇಳಿದವರು ನಮ್ಮ ದೊಡ್ಡಪ್ಪ ಒಬ್ಬರೇ.

ಇನ್ನು ಯಂತ್ರದ ಕಥೆ. ಫ್ರಾನ್ಸಿನ ಪಾಸ್ಕಲ್ ೧೬೬೨ರಲ್ಲಿ ತೀರಿಕೊಂಡ. ದ್ರವಗಳನ್ನು ಕುರಿತು ಅವನು ಬರೆದ ಪ್ರಬಂಧ ಮರುವರ್ಷ ಅಚ್ಚಾಯಿತು. ಮುಚ್ಚಿದ ಪಾತ್ರೆಯೊಳಗಿನ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂಬುದು ಅದರ ತಿರುಳು. ಒಂದು ಚದರ ಅಂಗುಲದ ಕೊಂತದ ಮೇಲೆ ೨೦ ಕಿಲೋಗ್ರಾಂ ಭಾರ ಹಾಕಿದರೆ, ಅದೇ ಎಣ್ಣೆಗೆ ಹೊಂದಿಕೊಂಡ ೫೦ ಚದರ ಅಂಗುಲದ ಕೊಂತ ೧,೦೦೦ ಕಿಲೋಗ್ರಾಂ ಎತ್ತಬಲ್ಲದು. ಆದರೆ ಪ್ರಕೃತಿ ಯಾವುದನ್ನೂ ಪುಕ್ಕಟೆ ಕೊಡುವುದಿಲ್ಲ: ದೊಡ್ಡದು ಒಂದು ಅಂಗುಲ ಏರಬೇಕಾದರೆ ಸಣ್ಣದು ೫೦ ಅಂಗುಲ ಇಳಿಯಬೇಕು. ಸನ್ನೆಗೋಲಿನ ತುದಿಗೆ ಜೋತುಬಿದ್ದ ನಮ್ಮ ಆಳುಗಳೂ ಇದೇ ಲೆಕ್ಕವನ್ನು ತೆರುತ್ತಿದ್ದರು.

ಈ ತತ್ತ್ವವನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಅವನ ಒತ್ತುಯಂತ್ರಕ್ಕೆ ೧೭೯೫ರಲ್ಲಿ ಹಕ್ಕುಪತ್ರ ದೊರೆಯಿತು. ಅವನನ್ನು ಕಾಡಿದ್ದು ಬಲದ ಕೊರತೆಯಲ್ಲ, ಸೋರಿಕೆ. ಕೊಂತದ ಅಂಚಿನಲ್ಲಿ ದ್ರವ ಜಿನುಗಿದರೆ ಎತ್ತಿದ ಭಾರ ಮೆಲ್ಲಗೆ ಇಳಿಯುತ್ತದೆ. ಚರ್ಮದ ಬಟ್ಟಲಿನಂಥ ಪಟ್ಟಿಯಿಂದ ಆ ಸೋರಿಕೆಯನ್ನು ತಡೆದ ಮೇಲೆಯೇ ಯಂತ್ರ ಕೆಲಸಕ್ಕೆ ಬಂತು. ಆ ಪಟ್ಟಿಯೂ ಒಂದು ದಿನ ಸವೆಯುವುದೇ. ಎಣ್ಣೆಯನ್ನೇ ನಂಬಿ ಭಾರದ ಕೆಳಗೆ ನಿಲ್ಲುವಂತಿಲ್ಲವೆಂಬುದು ಅಂದಿಗೂ ಇಂದಿಗೂ ನಿಜ.

ನಿಲ್ಲಿಸುವ ವಿದ್ಯೆಗೆ ಯಂತ್ರದ ರೂಪ ಕೊಟ್ಟವನು ಅಮೆರಿಕೆಯ ಎಲಿಷಾ ಓಟಿಸ್. ೧೮೫೪ರಲ್ಲಿ ನ್ಯೂಯಾರ್ಕಿನ ಗಾಜಿನ ಅರಮನೆಯ ಪ್ರದರ್ಶನದಲ್ಲಿ ಅವನು ತೊಟ್ಟಿಲಿನಂಥ ಒಂದು ಅಟ್ಟದ ಮೇಲೆ ನಿಂತು ಮೇಲಕ್ಕೇರಿ, ಅದನ್ನು ಹಿಡಿದಿದ್ದ ಹಗ್ಗವನ್ನೇ ಕಡಿಸಿದನು. ಹಗ್ಗದ ಬಿಗಿ ತಪ್ಪಿದೊಡನೆ ಸ್ಪ್ರಿಂಗೊಂದು ಚಿಮ್ಮಿ, ಎರಡೂ ಪಕ್ಕದ ಹಲ್ಲುಪಟ್ಟಿಗಳಲ್ಲಿ ಚಿಲಕಗಳು ಸಿಕ್ಕಿಕೊಂಡವು. ಅಟ್ಟ ನಿಂತಿತು. ಮೇಲಕ್ಕೆ ಎತ್ತುವ ಸಾಧನ ಅವನಿಗಿಂತ ಮೊದಲೂ ಬೇಕಾದಷ್ಟಿತ್ತು. ಆದರೆ ಜನ ಅದರೊಳಗೆ ನೆಮ್ಮದಿಯಿಂದ ಕಾಲಿಟ್ಟದ್ದು ಈ ಚಿಲಕ ಬಂದ ಮೇಲೆ. ಮುಂದೆ ೧೯೨೫ರಲ್ಲಿ ಮೆಂಫಿಸ್ ನಗರದ ಪೀಟರ್ ಲುನಾಟಿ ಎಂಬಾತ ಮೋಟಾರನ್ನು ಎತ್ತುವ ದ್ರವಯಂತ್ರವನ್ನು ಮಾಡಿದ. ಕ್ಷೌರದಂಗಡಿಯಲ್ಲಿ ಏರಿಳಿಯುವ ಕುರ್ಚಿಯನ್ನು ನೋಡಿ ಅವನಿಗೆ ಈ ಯುಕ್ತಿ ಹೊಳೆಯಿತೆಂದು ಹೇಳುತ್ತಾರೆ. ಅಲ್ಲಿಂದ ಮುಂದೆ ಮಿಸ್ತ್ರಿಗಳು ಬೆನ್ನ ಮೇಲೆ ಮಲಗುವುದನ್ನು ಬಿಟ್ಟು, ಎದ್ದು ನಿಂತು ಕೆಲಸ ಮಾಡಲು ತೊಡಗಿದರು.

ಈ ಕಥೆಯನ್ನೆಲ್ಲ ತಲೆಯಲ್ಲಿಟ್ಟುಕೊಂಡು ನಾನು ಚಕ್ಕಡಿಮನೆಯನ್ನು ಅಳೆಯಲು ನಿಂತೆ. ಮನೆಯಲ್ಲಿ ಇಡುವಂಥ ಲಿಫ್ಟುಗಳು ಮುಖ್ಯವಾಗಿ ಮೂರು ಬಗೆ. ಎರಡು ಕಂಬದ್ದು ಕಾರಿನ ಒಡಲನ್ನು ನಾಲ್ಕು ತೋಳುಗಳಿಂದ ಹಿಡಿದೆತ್ತುತ್ತದೆ. ಗಾಲಿಗಳು ಸಡಿಲವಾಗಿ ತೂಗುವುದರಿಂದ ಬ್ರೇಕಿನ ಕೆಲಸಕ್ಕೆ ಇದು ಬಹಳ ಅನುಕೂಲ. ನಾಲ್ಕು ಕಂಬದ್ದರಲ್ಲಿ ಎರಡು ಉದ್ದ ಹಲಗೆಗಳ ಮೇಲೆ ಕಾರನ್ನು ಓಡಿಸಿ ನಿಲ್ಲಿಸಬೇಕು. ಭಾರ ಗಾಲಿಗಳ ಮೇಲೆಯೇ ಉಳಿಯುತ್ತದೆ, ಗಾಲಿ ಕಳಚಬೇಕಾದರೆ ಹಲಗೆಗಳ ನಡುವೆ ಇನ್ನೊಂದು ಜಾಕು ಬೇಕು. ಮೂರನೆಯದು ಕತ್ತರಿಯಂತೆ ಮಡಚಿ ಬಿಚ್ಚುವ ಲಿಫ್ಟು.

ಹಿರೇಕೆರೂರಿನಲ್ಲಿರುವ ನನ್ನ ಗೆಳೆಯರೊಬ್ಬರು ಈ ಮೂರನೆಯದನ್ನೇ ಇಟ್ಟುಕೊಂಡಿದ್ದಾರೆ. ಅವರದು ಹಳೆಯ ಹೆಂಚಿನ ಮನೆ. ಕಾರು ನಿಲ್ಲುವ ಪಡಸಾಲೆಯ ಎತ್ತರ ಒಂಬತ್ತೂವರೆ ಅಡಿ. ಅಂಬಾಸಡರಿನ ಎತ್ತರ ೫ ಅಡಿ ೩ ಅಂಗುಲ. ಅದನ್ನು ೬ ಅಡಿ ಎತ್ತಿದರೆ ಒಟ್ಟು ೧೧ ಅಡಿ ೩ ಅಂಗುಲ. ಹೆಂಚು ತೆಗೆದು ಸೂರನ್ನು ಏರಿಸುವುದಕ್ಕಿಂತ, ಮೂರೂವರೆ ಅಡಿ ಎತ್ತುವ ಕತ್ತರಿ ಲಿಫ್ಟಿನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂಡುವುದೇ ಲೇಸೆಂದು ಅವರು ನಿರ್ಧರಿಸಿದರು. ಗುಂಡಿ ತೋಡಿಸಿದರೆ ಅಗ್ಗವಾಗುತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ ಅವರೆಂದರು: "ಪೆಟ್ರೋಲಿನ ಆವಿ ಗಾಳಿಗಿಂತ ಭಾರ ಮಾರಾಯ. ಗುಂಡಿಯೊಳಗ ಹೋಗಿ ಕುಂದರತದ. ಒಂದು ಕಿಡಿ ಸಾಕು. ಮ್ಯಾಲೆ ಮಳಿಗಾಲದಾಗ ನೀರು ಬ್ಯಾರೆ." ಅವರ ಮಾತು ನ್ಯಾಯವಾದದ್ದು.

ನಮ್ಮ ಚಕ್ಕಡಿಮನೆಗೆ ಸೂರಿನ ತೊಂದರೆ ಇರಲಿಲ್ಲ. ಹುಲ್ಲು ಹೇರಿದ ಚಕ್ಕಡಿ ಒಳಗೆ ಬರಲೆಂದು ಅಜ್ಜನವರು ಅದನ್ನು ಎತ್ತರಿಸಿ ಕಟ್ಟಿಸಿದ್ದರು. ತೊಲೆಯ ಕೆಳಗೆ ಹನ್ನೆರಡೂವರೆ ಅಡಿ ಇದೆ. ಎರಡು ಕಂಬದ ಲಿಫ್ಟಿಗೆ ಮನಸ್ಸು ಸೋತಿದ್ದ ನನ್ನನ್ನು ತಡೆದದ್ದು ಕಾರಿನ ವಯಸ್ಸು. ೧೯೫೭ರ ಸುಮಾರಿಗೆ ಹೊರಬಂದು ೨೦೧೪ರಲ್ಲಿ ತಯಾರಿಕೆ ನಿಂತ ಈ ಕಾರುಗಳಲ್ಲಿ ನಮ್ಮದು ಹಳೆಯದೇ. ಬಾಗಿಲ ಕೆಳಗಿನ ಅಂಚಿಗೆ ತುಕ್ಕು ಹತ್ತಿದೆ. ಸುಮಾರು ೧,೧೦೦ ಕಿಲೋಗ್ರಾಂ ತೂಕವನ್ನು ಆ ತುಕ್ಕಿನಂಚಿನಲ್ಲಿ ಹಿಡಿದೆತ್ತುವುದು ವಿವೇಕವಲ್ಲ. ತನ್ನ ಗಾಲಿಗಳ ಮೇಲೆ ತಾನು ನಿಂತುಕೊಂಡೇ ಮೇಲೇರಲಿ ಎಂದು ನಾಲ್ಕು ಕಂಬಕ್ಕೆ ಒಪ್ಪಿದೆ.

ಉಳಿದದ್ದು ನೆಲ. ಸವಣೂರಿನಲ್ಲಿರುವ ನಮ್ಮ ಸೋದರಮಾವನ ಮಗ ನನಗಿಂತ ಮೊದಲೇ ಲಿಫ್ಟು ತರಲು ಹೊರಟು, ನೆಲ ಅಗೆಸಿ ನೋಡಿ ಒಂದು ವರ್ಷ ಮುಂದೂಡಿದ್ದ. ಅವನ ಶೆಡ್ಡು ಇರುವುದು ಎರೆಮಣ್ಣಿನ ಮೇಲೆ. ಎರೆ ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಬಿರಿಯುತ್ತದೆ. ಮೇಲಿನ ತೆಳುಗಚ್ಚು ಅದರ ಜೊತೆಗೆ ಏರಿಳಿದು ಸೀಳುತ್ತದೆ. ಅವನು ಎರೆಯನ್ನು ತೆಗೆಸಿ, ಗರಸು ತುಂಬಿಸಿ, ನೀರು ಹಾಕಿ ದಮ್ಮಸ್ಸು ಮಾಡಿಸಿ, ಒಂದು ಮಳೆಗಾಲ ಕಳೆದ ಮೇಲೆ ಕಾಂಕ್ರೀಟು ಹಾಕಿಸಿದ. ನಮ್ಮಲ್ಲಿ ನೆಲಕ್ಕೆ ಪರಸಿ ಹಾಸಿತ್ತು. ಕಾಲಿಗೆ ಬಂಡೆಯಂತೆ ಗಟ್ಟಿ. ಆದರೆ ಕೆಳಗೆ ಇಲಿ ಕೊರೆದ ಸಡಿಲ ಮಣ್ಣು. ಅದನ್ನೆಲ್ಲ ಕಿತ್ತು ಗರಸು ಕೂಡಿಸಿದೆವು. ತಯಾರಕರು ಸಾಮಾನ್ಯವಾಗಿ ೪ ಅಂಗುಲಕ್ಕೆ ಕಡಮೆಯಿಲ್ಲದ ಒಳ್ಳೆಯ ಕಾಂಕ್ರೀಟನ್ನು ಕೇಳುತ್ತಾರೆ. ನಾವು ಕಬ್ಬಿಣದ ಜಾಳಿಗೆ ಸೇರಿಸಿ ೬ ಅಂಗುಲ ಹಾಕಿದೆವು. ಕಂಬದ ಬೋಲ್ಟುಗಳು ಕಾಂಕ್ರೀಟಿನ ಅಂಚಿಗಾಗಲಿ ಬಿರುಕಿಗಾಗಲಿ ಹತ್ತಿರ ಬರದಂತೆ ಗುರುತು ಮಾಡಿ, ೨೮ ದಿನ ಕಾದೆವು. ಮೊದಲೆರಡು ವಾರ ಒದ್ದೆ ಗೋಣಿ ಹೊದಿಸಿ ನೀರುಣಿಸಿದ್ದನ್ನು ಕಂಡು, "ಮನ್ಯಾಗ ಮೊಮ್ಮಗಗೂ ಇಷ್ಟು ಆರೈಕಿ ಇಲ್ಲ" ಎಂದು ಮನೆಯವರು ಹಾಸ್ಯ ಮಾಡಿದರು.

ಲಿಫ್ಟು ಬಂತು, ಕೂಡಿತು. ಒಂದು ಹಲಗೆಯ ಕೆಳಗೆ ಎಣ್ಣೆಯ ಉರುಳೆಯಿದೆ. ಅದು ಉಕ್ಕಿನ ಹಗ್ಗಗಳನ್ನು ರಾಟೆಗಳ ಮೇಲೆ ಎಳೆದು ನಾಲ್ಕೂ ಮೂಲೆಗಳನ್ನು ಸಮನಾಗಿ ಏರಿಸುತ್ತದೆ. ಪ್ರತಿ ಕಂಬದೊಳಗೂ ಮೆಟ್ಟಿಲು ಮೆಟ್ಟಿಲಾಗಿ ಚಿಲಕದ ಕಂಡಿಗಳು. ಏರುವಾಗ ಚಿಲಕಗಳು ಕಟಕ್ ಕಟಕ್ ಎಂದು ಕಂಡಿಯಿಂದ ಕಂಡಿಗೆ ಜಾರುತ್ತವೆ. ಹಗ್ಗ ಸಡಿಲಾದರೆ ಬೇರೊಂದು ಚಿಲಕ ತಾನೇ ಹೊರಬಂದು ಹಿಡಿಯುತ್ತದೆ. ಪಾಸ್ಕಲನ ಎಣ್ಣೆ, ಬಾವಿಯ ರಾಟೆ, ಓಟಿಸನ ಚಿಲಕ, ಎಲ್ಲವೂ ನಮ್ಮ ಚಕ್ಕಡಿಮನೆಯಲ್ಲಿ ಸೇರಿದಂತಾಯಿತು. ಬೇಕಾದ ಎತ್ತರಕ್ಕೆ ಏರಿಸಿದ ಮೇಲೆ ತುಸು ಇಳಿಸಿ, ಭಾರವನ್ನು ಎಣ್ಣೆಯಿಂದ ಚಿಲಕಗಳ ಮೇಲೆ ಕೂಡಿಸಬೇಕು. ಮರಳಿ ಇಳಿಸುವಾಗ ಮೊದಲು ತುಸು ಏರಿಸಿ ಚಿಲಕ ಬಿಡಿಸಬೇಕು. ಇದರಿಂದ ವಿದ್ಯುತ್ತು ಹೋದರೂ ಕೆಳಗಿರುವವನಿಗೆ ಭಯವಿಲ್ಲ. ಮೊದಲ ರಾತ್ರಿ ಗಾಲಿಗಳಿಗೆ ಅಡ್ಡಗಟ್ಟೆ ಕೊಟ್ಟು, ಕಾರನ್ನು ಮೇಲೇರಿಸಿ, ಸ್ವಿಚ್ಚು ತೆಗೆದು, ಬಾಗಿಲಿಗೆ ಬೀಗ ಹಾಕಿ ಮಲಗಿದೆವು. ಬೆಳಿಗ್ಗೆ ಅಳೆದಾಗ ನಾಲ್ಕೂ ಮೂಲೆಗಳು ಇದ್ದಲ್ಲಿಯೇ ಇದ್ದವು.

ಆ ದಿನ ಕೆಲಸಕ್ಕೆ ಕರೆಸಿದ್ದು ಅರವತ್ತು ದಾಟಿದ ಒಬ್ಬ ಮಿಸ್ತ್ರಿಯನ್ನು. ಶಿಗ್ಗಾವಿಯ ಶೆಡ್ಡಿನಲ್ಲಿ ಬೆರಳು ಕಳೆದುಕೊಂಡ ಆ ಹುಡುಗನೇ ಇವರು. ನಮ್ಮ ಕಾರಿನ ಪರಿಚಯವನ್ನು ಅಂದಿನಿಂದ ಬಿಟ್ಟವರಲ್ಲ. ಎಷ್ಟು ಟನ್ನು ಎತ್ತುತ್ತದೆಂದು ಅವರು ಕೇಳಲಿಲ್ಲ. ಕುಳಿತು ನೆಲವನ್ನು ಸುತ್ತಿಗೆಯಿಂದ ನಾಲ್ಕು ಕಡೆ ಬಡಿದು ಕೇಳಿದರು. ಆಮೇಲೆ ಒಂದೊಂದು ಕಂಬದ ಹತ್ತಿರವೂ ನಿಂತು, ಚಿಲಕ ಕಂಡಿಯಲ್ಲಿ ಪೂರ್ತಿ ಕೂತಿದೆಯೇ ಎಂದು ಬಗ್ಗಿ ನೋಡಿದರು.

"ಇದು ಎತ್ತೂದು ಇರಲಿ ಸಾಹೇಬರ, ಹಿಡಕೊಂಡು ನಿಂದರತೈತೇನು?" ಎಂದರು.

"ನಿಂದರತೈತಿ ಮಿಸ್ತ್ರಿ. ರಾತ್ರಿ ಪೂರ್ತಿ ನಿಂತೈತಿ."

ಅವರು ಎಡಗೈಯ ಎರಡು ಬೆರಳುಗಳ ನಡುವೆ ಪಾನಾ ಹಿಡಿದು ಕಾರಿನ ಕೆಳಗೆ ಹೋದರು.