ಹಸಿ ಕಸ ಗುಡ್ಡ ಸೇರದಂತೆ: ಕಾನೂನುಗಳು ನಡೆದು ಬಂದ ದಾರಿ

2019ರ ಆಗಸ್ಟ್ ತಿಂಗಳ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು, ಕೆಳಗಿದ್ದ ಮಂದಾರ ಪ್ರದೇಶದ ಮೇಲೆ ಇಳಿಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಹೂತುಹೋದವು. ತಲೆಮಾರುಗಳಿಂದ ಅಲ್ಲಿ ಬಾಳಿದ್ದ ಕುಟುಂಬಗಳು ಮನೆ ಬಿಟ್ಟು ಹೊರಡಬೇಕಾಯಿತು. ಹಾಗೆ ಇಳಿದು ಬಂದ ಕಸದಲ್ಲಿ ಪ್ಲಾಸ್ಟಿಕ್ ಕಣ್ಣಿಗೆ ಬೀಳುತ್ತದೆ ನಿಜ. ಆದರೆ ಇಂಥ ಗುಡ್ಡಗಳನ್ನು ಅಪಾಯಕಾರಿಯಾಗಿಸುವುದು ಮುಖ್ಯವಾಗಿ ನಮ್ಮ ಅಡುಗೆಮನೆ, ಹೋಟೆಲ್, ಕಲ್ಯಾಣಮಂಟಪಗಳಿಂದ ಹೋಗುವ ಹಸಿ ಕಸ. ಅದು ಕೊಳೆತು ಕುಗ್ಗುತ್ತದೆ, ನೀರು ಹಿಡಿದುಕೊಳ್ಳುತ್ತದೆ, ಕಪ್ಪು ರಸವಾಗಿ ಸೋರಿ ಬಾವಿ ಸೇರುತ್ತದೆ.

ಗಾಳಿಯಾಡುವ ಗುಂಡಿಯಲ್ಲಿ ಕೊಳೆತ ಅನ್ನ ಗೊಬ್ಬರವಾಗುತ್ತದೆ. ಅದೇ ಅನ್ನ ಹತ್ತಾರು ಅಡಿ ಕಸದ ಕೆಳಗೆ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಆಗುತ್ತದೆ. 20 ವರ್ಷಗಳ ಅವಧಿಯ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ 80 ಪಟ್ಟಿಗೂ ಹೆಚ್ಚು ಬಿಸಿಯೇರಿಸುವ ಅನಿಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರಲ್ಲಿ ಹೇಳಿದಂತೆ, ಅಲ್ಲಿನ ನಗರಗಳ ಕಸ ಹೂಳುವ ತಾಣಗಳಾದ ಲ್ಯಾಂಡ್‌ಫಿಲ್‌ಗಳಿಂದ ತಪ್ಪಿಸಿಕೊಂಡು ಗಾಳಿಗೆ ಸೇರುವ ಮೀಥೇನ್‌ನಲ್ಲಿ ಶೇ 58ರಷ್ಟು ಆಹಾರ ತ್ಯಾಜ್ಯದ್ದೇ.

ಈ ಲೆಕ್ಕಗಳು ಬರುವ ಮೊದಲೇ ಕಾನೂನುಗಳು ಬಂದಿದ್ದವು. ಯುರೋಪಿಯನ್ ಒಕ್ಕೂಟ 1999ರಲ್ಲಿ ಲ್ಯಾಂಡ್‌ಫಿಲ್ ನಿರ್ದೇಶನ ಹೊರಡಿಸಿತು. ಕೊಳೆಯುವ ಕಸವನ್ನು ಮಣ್ಣಿಗೆ ಹಾಕುವ ಪ್ರಮಾಣವನ್ನು 1995ರ ಮಟ್ಟದ ಶೇ 75ಕ್ಕೆ, ಅಲ್ಲಿಂದ ಶೇ 50ಕ್ಕೆ, ಕೊನೆಗೆ 2016ರ ಹೊತ್ತಿಗೆ ಶೇ 35ಕ್ಕೆ ಇಳಿಸಬೇಕೆಂದು ಗಡುವು ಹಾಕಿತು. ಜರ್ಮನಿ 2005ರ ಜೂನ್‌ನಿಂದ ಸಂಸ್ಕರಿಸದ ಕಸವನ್ನು ಹೂಳುವುದನ್ನೇ ನಿಲ್ಲಿಸಿತು. ಆದರೆ ಒಕ್ಕೂಟ ಗುರಿ ಹೇಳಿತೇ ಹೊರತು ದಾರಿ ಹೇಳಿರಲಿಲ್ಲ. ಹಾಗಾಗಿ ಹಲವು ದೇಶಗಳು ಕಸ ಸುಡುವ ಘಟಕಗಳ ಮೊರೆ ಹೋದವು. ಹಸಿ ಕಸವನ್ನು ಬೇರೆಯಾಗಿಯೇ ಸಂಗ್ರಹಿಸಬೇಕು, ಇಲ್ಲವೇ ಹುಟ್ಟಿದಲ್ಲೇ ಗೊಬ್ಬರವಾಗಿಸಬೇಕು ಎಂಬ ಕಡ್ಡಾಯ ಬಂದದ್ದು 2018ರ ತಿದ್ದುಪಡಿಯಲ್ಲಿ. ಅದರ ಗಡುವು 2023ರ ಡಿಸೆಂಬರ್ 31.

ಈ ವಿಷಯದಲ್ಲಿ ಅತಿ ದೂರ ನಡೆದ ದೇಶ ದಕ್ಷಿಣ ಕೊರಿಯಾ. ಸೋಲ್ ನಗರದ ಕಸವೆಲ್ಲ ನಾನ್‌ಜಿದೊ ಎಂಬಲ್ಲಿ ಗುಡ್ಡವಾಗಿತ್ತು. 1993ರಲ್ಲಿ ಅದನ್ನು ಮುಚ್ಚಿದರು. 2002ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿಗೆ ಅಲ್ಲಿ ಉದ್ಯಾನ ಎದ್ದಿತ್ತು. 1995ರಲ್ಲಿ ಎಷ್ಟು ಕಸವೋ ಅಷ್ಟು ಹಣ ಎಂಬ ಪದ್ಧತಿ ದೇಶವಿಡೀ ಜಾರಿಗೆ ಬಂತು. 2005ರಲ್ಲಿ ಆಹಾರ ತ್ಯಾಜ್ಯವನ್ನು ನೇರವಾಗಿ ಮಣ್ಣಿನಲ್ಲಿ ಹೂಳುವುದನ್ನು ನಿಷೇಧಿಸಿದರು. ಇಲ್ಲಿಗೆ ಕಥೆ ಮುಗಿಯಲಿಲ್ಲ. ಆಹಾರ ತ್ಯಾಜ್ಯದ ಬಹುಪಾಲು ನೀರೇ. ಅದನ್ನು ಮೇವು, ಗೊಬ್ಬರ ಮಾಡುವಾಗ ಹಿಂಡಿ ತೆಗೆದ ರಸವನ್ನು ಹಡಗಿನಲ್ಲಿ ಒಯ್ದು ಸಮುದ್ರಕ್ಕೆ ಸುರಿಯುತ್ತಿದ್ದರು. ಮಣ್ಣಿನ ಬಾಗಿಲು ಮುಚ್ಚಿದಾಗ ಕಸ ನೀರಿನ ಬಾಗಿಲು ಹುಡುಕಿಕೊಂಡಿತು. 2013ರಲ್ಲಿ ಅದಕ್ಕೂ ತಡೆ ಬಿತ್ತು.

ಅದೇ ವರ್ಷ ಆಹಾರ ತ್ಯಾಜ್ಯಕ್ಕೆ ತೂಕದ ಲೆಕ್ಕದ ಶುಲ್ಕವೂ ಬಂತು. ಅಪಾರ್ಟ್‌ಮೆಂಟ್‌ನ ಕೆಳಗೊಂದು ಡಬ್ಬಿ ನಿಂತಿರುತ್ತದೆ. ಮನೆಯವರು ಕಾರ್ಡ್ ತೋರಿಸಿದರೆ ಮುಚ್ಚಳ ತೆರೆದುಕೊಳ್ಳುತ್ತದೆ. ತಂದದ್ದನ್ನು ಸುರಿದ ಕೂಡಲೇ ತಕ್ಕಡಿ ತೂಗುತ್ತದೆ, ಪರದೆಯ ಮೇಲೆ ತೂಕ ಮೂಡುತ್ತದೆ, ಆ ಮನೆಯ ಲೆಕ್ಕಕ್ಕೆ ಹಣ ಸೇರುತ್ತದೆ. ಶುಲ್ಕ ದೊಡ್ಡದೇನಲ್ಲ. ಆದರೆ ಕಣ್ಣೆದುರು ತೂಕ ಕಂಡಾಗ ಜನ ಎರಡು ಕೆಲಸ ಮಾಡತೊಡಗಿದರು: ನೀರು ಬಸಿದು ತಂದರು, ಬೇಯಿಸುವಾಗಲೇ ಅಳತೆ ನೋಡಿಕೊಂಡರು. 1990ರ ದಶಕದ ಮಧ್ಯದಲ್ಲಿ ಮರುಬಳಕೆಯಾಗುತ್ತಿದ್ದ ಆಹಾರ ತ್ಯಾಜ್ಯ ತೀರಾ ಅಲ್ಪ. ಈಗ ಅದು ಶೇ 95ರ ಆಸುಪಾಸಿನಲ್ಲಿದೆ. ತೊಡಕು ಅಲ್ಲೂ ಇದೆ. ಉಪ್ಪು ಹೆಚ್ಚಿರುವ ತ್ಯಾಜ್ಯದಿಂದ ಮಾಡಿದ ಗೊಬ್ಬರಕ್ಕೆ ರೈತರು ಹಿಂಜರಿಯುತ್ತಾರೆ. ಆಫ್ರಿಕನ್ ಹಂದಿಜ್ವರದ ಭೀತಿಯಿಂದ ಉಳಿಕೆ ಆಹಾರವನ್ನು ಹಂದಿಗಳಿಗೆ ಹಾಕುವುದರ ಮೇಲೂ ನಿರ್ಬಂಧ ಬಂತು. ಇದರಿಂದ ಜೈವಿಕ ಅನಿಲದ ಕಡೆಗೆ ಒಲವು ಹೆಚ್ಚಿದೆ.

ಫ್ರಾನ್ಸ್ ಹಿಡಿದ ದಾರಿ ಬೇರೆ. ಅಲ್ಲಿನ 2016ರ ಕಾನೂನು 400 ಚದರ ಮೀಟರ್‌ಗಿಂತ ದೊಡ್ಡ ಸೂಪರ್‌ಮಾರ್ಕೆಟ್‌ಗಳು ತಿನ್ನಲು ಯೋಗ್ಯವಾದ ಆಹಾರವನ್ನು ಬೇಕೆಂದೇ ಹಾಳುಗೆಡವುವಂತಿಲ್ಲ, ದಾನ ಪಡೆಯುವ ಸಂಸ್ಥೆಗಳೊಂದಿಗೆ ಒಪ್ಪಂದ ಮಾಡಿಕೊಳ್ಳಬೇಕು ಎಂದಿತು. ಹಸಿದವರ ತಟ್ಟೆಗೆ ಹೋಗಬಹುದಾದ ಊಟ ಗೊಬ್ಬರದ ಗುಂಡಿಗೆ ಹೋಗುವುದೂ ನಷ್ಟವೇ ಎಂಬ ತಿಳಿವಳಿಕೆ ಅದರ ಹಿಂದಿದೆ. ನಮ್ಮ ಮದುವೆ ಮನೆಗಳಲ್ಲಿ ಉಳಿಯುವ ಅನ್ನ-ಸಾರು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದಲ್ಲಿ ಇದು ರಾಜ್ಯಗಳ ಕೆಲಸ. ಮ್ಯಾಸಚೂಸೆಟ್ಸ್ 2014ರ ಅಕ್ಟೋಬರ್‌ನಿಂದ ವಾರಕ್ಕೆ ಒಂದು ಟನ್ ಅಥವಾ ಹೆಚ್ಚು ಆಹಾರ ತ್ಯಾಜ್ಯ ಎಸೆಯುವ ಸಂಸ್ಥೆಗಳು ಅದನ್ನು ಸಾಮಾನ್ಯ ಕಸಕ್ಕೆ ಸೇರಿಸುವುದನ್ನು ನಿಷೇಧಿಸಿತು. 2022ರಲ್ಲಿ ಮಿತಿಯನ್ನು ಅರ್ಧ ಟನ್ನಿಗೆ ಇಳಿಸಿತು. ವರ್ಮಾಂಟ್ 2020ರ ಜುಲೈ ಹೊತ್ತಿಗೆ ಪ್ರತಿ ಮನೆಯನ್ನೂ ಕಾನೂನಿನಡಿ ತಂದಿತು. ಕ್ಯಾಲಿಫೋರ್ನಿಯಾದ ಮನೆ ಮನೆಯ ನಿಯಮ ಜಾರಿಯಾದದ್ದು 2022ರಲ್ಲಿ. ಈ ಕಾನೂನುಗಳಿಂದ ಆದದ್ದೇನು? 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ವಾಣಿಜ್ಯ ಸಂಸ್ಥೆಗಳ ಆಹಾರ ತ್ಯಾಜ್ಯಕ್ಕೆ ಮೊದಲು ನಿಷೇಧ ಹಾಕಿದ ಐದು ರಾಜ್ಯಗಳನ್ನು ಅಳೆದು ನೋಡಿತು. ಲ್ಯಾಂಡ್‌ಫಿಲ್ ಹಾಗೂ ದಹನ ಘಟಕಗಳಿಗೆ ಹೋಗುವ ಕಸ ನಿಜಕ್ಕೂ ಇಳಿದಿದ್ದು ಮ್ಯಾಸಚೂಸೆಟ್ಸ್‌ನಲ್ಲಿ ಮಾತ್ರ, ಸರಾಸರಿ ಶೇ 7.3ರಷ್ಟು. ಉಳಿದ ನಾಲ್ಕರಲ್ಲಿ ಗುರುತಿಸಬಹುದಾದ ಪರಿಣಾಮವೇ ಇರಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಸಂಸ್ಕರಣಾ ಘಟಕಗಳು ಹತ್ತಿರದಲ್ಲಿದ್ದವು, ನಿಯಮದಲ್ಲಿ ವಿನಾಯಿತಿಗಳ ಗೋಜಲು ಕಡಿಮೆ ಇತ್ತು, ಅಧಿಕಾರಿಗಳು ಹೋಗಿ ತಪಾಸಣೆ ಮಾಡಿ ದಂಡ ಹಾಕುತ್ತಿದ್ದರು. ಈ ವಿಷಯದ ಬಗ್ಗೆ ನಾನು ಓದಿದವುಗಳಲ್ಲಿ ಆಡಳಿತ ನಡೆಸುವವರು ಮೊದಲು ಓದಬೇಕಾದ ಅಧ್ಯಯನ ಇದು.

ಏಕೆಂದರೆ ನಮ್ಮಲ್ಲಿ ಕಾನೂನಿಗೆ ಕೊರತೆ ಯಾವತ್ತೂ ಇರಲಿಲ್ಲ. ಬೆಂಗಳೂರಿನ ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದರ ಫಲವಾಗಿ 2000ದಲ್ಲಿ ದೇಶಕ್ಕೆ ನಗರ ಘನತ್ಯಾಜ್ಯ ನಿಯಮಗಳು ಬಂದವು. ಕೊಳೆಯದ, ಮರುಬಳಕೆಗೂ ಬಾರದ ಕಸವನ್ನಷ್ಟೇ ಲ್ಯಾಂಡ್‌ಫಿಲ್‌ಗೆ ಹಾಕಬೇಕು ಎಂದು ಆ ನಿಯಮಗಳೇ ಹೇಳಿದ್ದವು. ಅಂದರೆ ಕೊರಿಯಾ ನಿಷೇಧ ಹಾಕುವ ಐದು ವರ್ಷ ಮೊದಲೇ! ಘಟಕಗಳನ್ನು ಕಟ್ಟಲು ಕೊಟ್ಟ ಗಡುವು 2003ರ ಕೊನೆಗೆ ಮುಗಿಯಿತು. ಅದಾದ ಮೇಲೂ ಮಿಶ್ರ ಕಸ ತುಂಬಿದ ಲಾರಿಗಳು ಬೆಂಗಳೂರಿನಿಂದ ಹೊರವಲಯದ ಹಳ್ಳಿಗಳಾದ ಮಾವಳ್ಳಿಪುರಕ್ಕೆ, ಮಂಡೂರಿಗೆ ಹೋಗುತ್ತಲೇ ಇದ್ದವು. 2012ರಲ್ಲಿ ಮಾವಳ್ಳಿಪುರ ಮುಚ್ಚಿ, ನಗರದ ಬೀದಿಗಳಲ್ಲಿ ಕಸ ರಾಶಿ ಬಿದ್ದಾಗಲೇ ಮನೆಯಲ್ಲಿ ಕಸ ಬೇರ್ಪಡಿಸುವುದು ಕಡ್ಡಾಯವಾಯಿತು. ಮಂಡೂರಿನವರು ವರ್ಷಗಳ ಕಾಲ ಬೀದಿಗಿಳಿದ ಮೇಲೆ 2014ರ ಕೊನೆಗೆ ಅಲ್ಲಿಗೂ ಲಾರಿ ನಿಂತಿತು. 2015ರಲ್ಲಿ ಹೈಕೋರ್ಟ್ ಎರಡು ಡಬ್ಬಿ, ಒಂದು ಚೀಲದ ಪದ್ಧತಿಯನ್ನು ವಿಧಿಸಿತು: ಹಸಿರು ಡಬ್ಬಿಗೆ ಹಸಿ ಕಸ, ಕೆಂಪು ಡಬ್ಬಿಗೆ ತಿರಸ್ಕೃತ ಕಸ, ಚೀಲಕ್ಕೆ ಒಣ ಕಸ. ನಗರ ಎಚ್ಚೆತ್ತದ್ದು ಪ್ರತಿ ಸಲವೂ ಹಳ್ಳಿಯವರು ದಾರಿ ತಡೆದಾಗ. ಈ ಋಣವನ್ನು ನಗರದವರು ಮರೆಯಬಾರದು.

ದೇಶದ 2016ರ ಘನತ್ಯಾಜ್ಯ ನಿಯಮಗಳು ದಿನಕ್ಕೆ 100 ಕೆ.ಜಿ.ಗಿಂತ ಹೆಚ್ಚು ಕಸ ಹುಟ್ಟಿಸುವವರನ್ನು ಸಗಟು ಉತ್ಪಾದಕರೆಂದು ಗುರುತಿಸಿ ಅವರ ಮೇಲೆ ಪ್ರತ್ಯೇಕ ಹೊಣೆ ಹೊರಿಸಿದವು. ಆ ನಿಯಮಗಳ ಜಾಗದಲ್ಲಿ 2026ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಬಂದಿವೆ. ಈಗ ಕಸ ನಾಲ್ಕು ಬಗೆಯಾಗಿ ಬೇರೆಯಾಗಬೇಕು. ಬೇರ್ಪಡಿಸದ ಕಸವನ್ನು ಲ್ಯಾಂಡ್‌ಫಿಲ್‌ಗೆ ಒಯ್ಯುವ ಸ್ಥಳೀಯ ಸಂಸ್ಥೆ ಹೆಚ್ಚು ಶುಲ್ಕ ತೆರಬೇಕು. ಹೊರೆ ಪಾಲಿಕೆಯ ಜೇಬಿಗೂ ತಟ್ಟುವುದರಿಂದ ನನಗೆ ಇದರ ಮೇಲೆ ನಿರೀಕ್ಷೆಯಿದೆ.

ಆದರೆ ಹಸಿ ಕಸ ಹೋಗುವುದೆಲ್ಲಿಗೆ? ಬೆಂಗಳೂರಿನ ಹಲವು ವಾರ್ಡ್‌ಗಳಲ್ಲಿ ದಿನಕ್ಕೆ 5 ಟನ್ ಸಾಮರ್ಥ್ಯದ ಜೈವಿಕ ಅನಿಲ ಘಟಕಗಳನ್ನು ಕಟ್ಟಲಾಯಿತು. ಎಷ್ಟೋ ಕೆಟ್ಟು ನಿಂತವು. ಮನೆಯಾಕೆ ಹಸಿರು ಡಬ್ಬಿಯಲ್ಲಿ ಕೊಟ್ಟ ತರಕಾರಿ ಸಿಪ್ಪೆ ಆಟೊ ಟಿಪ್ಪರ್‌ನಲ್ಲಿ ಬೇರೆಯಾಗಿದ್ದರೂ, ಕಸ ಒತ್ತಿ ತುಂಬುವ ಕಾಂಪ್ಯಾಕ್ಟರ್‌ಗೆ ಸುರಿಯುವಾಗ ಉಳಿದದ್ದರೊಂದಿಗೆ ಬೆರೆತರೆ ಬೆಳಗಿನ ಶ್ರಮವೆಲ್ಲ ಹೋಯಿತು. ಬೆರೆತ ಕಸದ ಗೊಬ್ಬರದಲ್ಲಿ ಗಾಜಿನ ಚೂರು, ಪ್ಲಾಸ್ಟಿಕ್ ಸಿಕ್ಕರೆ ರೈತ ಎರಡನೇ ಸಲ ಕೊಳ್ಳುವುದಿಲ್ಲ. ನಗರ ಗೊಬ್ಬರಕ್ಕೆ ಕೇಂದ್ರ ಸರ್ಕಾರ 2016ರಲ್ಲಿ ಟನ್ನಿಗೆ 1,500 ರೂಪಾಯಿ ನೆರವು ಘೋಷಿಸಿದರೂ ಮಾರುಕಟ್ಟೆ ಹಿಗ್ಗದಿರಲು ಗುಣಮಟ್ಟದ ಈ ಅನುಮಾನವೂ ಕಾರಣ. 1975ರಲ್ಲಿ ಹುಟ್ಟಿದ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮದ ಬೆಂಗಳೂರಿನ ಗೊಬ್ಬರ ಘಟಕದ ಸುತ್ತ ಬಡಾವಣೆಗಳು ಬೆಳೆದವು. ವಾಸನೆ ತಾಳಲಾರದೆ ನಿವಾಸಿಗಳು ವರ್ಷಗಟ್ಟಲೆ ದೂರು ಕೊಟ್ಟರು. ಅವರ ದೂರು ನ್ಯಾಯವಾದದ್ದೇ. ಆದರೂ ಒಂದು ಘಟಕ ಮುಚ್ಚಿದರೆ ಅಲ್ಲಿನ ಕಸ ಊರಾಚೆ ಕಸ ಸುರಿಯುವ ಯಾವುದೋ ಕ್ವಾರಿಯ ದಾರಿ ಹಿಡಿಯುತ್ತದೆ.

ನಿಮ್ಮ ವಾರ್ಡಿನಲ್ಲಿ ಹಸಿ ಕಸ ಸಂಸ್ಕರಣಾ ಘಟಕ ಬರಲಿದೆ ಎಂಬ ಸುದ್ದಿ ಬಂದಾಗ ವಿರೋಧದ ಪತ್ರಕ್ಕೆ ಸಹಿ ಹಾಕುವ ಮೊದಲು ಷರತ್ತುಗಳ ಪಟ್ಟಿ ಮಾಡಿ: ದಿನಕ್ಕೆ ಎಷ್ಟು ಕಸ ಒಳಬರುತ್ತದೆ, ವಾಸನೆ ತಡೆಯಲು ಏನು ವ್ಯವಸ್ಥೆ, ರಸ ಎಲ್ಲಿಗೆ ಹೋಗುತ್ತದೆ, ಕೆಟ್ಟರೆ ಎಷ್ಟು ದಿನದಲ್ಲಿ ರಿಪೇರಿ, ತಪಾಸಣೆ ಯಾರದ್ದು. ಉತ್ತರಗಳನ್ನು ಲಿಖಿತವಾಗಿ ಪಡೆಯಿರಿ, ತಿಂಗಳಿಗೊಮ್ಮೆ ಹೋಗಿ ನೋಡಿ. ಘಟಕ ಬೇಡ ಎನ್ನಬೇಡಿ; ಸರಿಯಾಗಿ ನಡೆಸಿ ಎಂದು ಕೇಳಿ.